ಸಹಾಯ ಬೇಕು: ದ್ರಾವಣದಲ್ಲಿರುವುದು ವೆಸಿಕಲ್ಲೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿರುವ ನಾನು, ಧನ ಮತ್ತು ಋಣ ವಿದ್ಯುದಂಶದ ಎರಡು ಸರ್ಫ್ಯಾಕ್ಟಂಟ್‌ಗಳು (ನೀರನ್ನು ಬಯಸುವ ತಲೆ, ನೀರಿನಿಂದ ದೂರವಿರುವ ಬಾಲವುಳ್ಳ ಸಾಬೂನಿನಂಥ ಅಣುಗಳು) ನೀರಿನಲ್ಲಿ ತಾವಾಗಿಯೇ ವೆಸಿಕಲ್‌ಗಳಾಗಿ (ಒಳಗೆ ನೀರಿರುವ ಟೊಳ್ಳು ಗೋಳಗಳಾಗಿ) ಜೋಡಣೆಗೊಳ್ಳುವುದನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ.

ಸಿದ್ಧಾಂತ ಸ್ಪಷ್ಟವಾಗಿದೆ. ಬಾಲದ ಘನಗಾತ್ರವನ್ನು ತಲೆಯ ವಿಸ್ತೀರ್ಣ ಮತ್ತು ಬಾಲದ ಉದ್ದಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ 1/3ಕ್ಕಿಂತ ಕಡಿಮೆಯಿದ್ದರೆ ಗೋಳಾಕಾರದ ಮೈಸೆಲ್‌ಗಳೂ (ಬಾಲಗಳು ಒಳಗೆ ಕೂಡಿಕೊಂಡ, ಟೊಳ್ಳಿಲ್ಲದ ಗುಂಪುಗಳು), 1/2ರಿಂದ 1ರ ನಡುವೆ ಇದ್ದರೆ ಬಾಗಿ ವೆಸಿಕಲ್ ಆಗಬಲ್ಲ ದ್ವಿಪದರಗಳೂ (ಅಣುಗಳ ಎರಡು ಪದರಗಳ ಹಾಳೆಗಳು) ಉಂಟಾಗುತ್ತವೆ. ವಿರುದ್ಧ ವಿದ್ಯುದಂಶದ ತಲೆಗಳು ಪರಸ್ಪರ ಹತ್ತಿರ ಬಂದಾಗ ತಲೆಯ ವಿಸ್ತೀರ್ಣ ಕುಗ್ಗಿ ಈ ಸಂಖ್ಯೆ ಏರುತ್ತದೆ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಸಾಮಾನ್ಯವಾಗಿ ಒತ್ತರವೇ (ಕರಗದೆ ತಳಕ್ಕಿಳಿಯುವ ಘನ) ಬೀಳುವುದರಿಂದ ಒಂದನ್ನು ಹೆಚ್ಚಾಗಿಟ್ಟಿದ್ದೇನೆ, ದ್ರಾವಣಕ್ಕೆ ತಿಳಿನೀಲಿ ಛಾಯೆಯೂ ಬಂದಿದೆ.

ತೊಡಕಿರುವುದು ಸಾಕ್ಷ್ಯದಲ್ಲಿ. ನಮ್ಮಲ್ಲಿರುವ ಬೆಳಕಿನ ಚದುರಿಕೆಯ ಉಪಕರಣ ಕಣದ ಅಳತೆಯನ್ನಷ್ಟೇ ಕೊಡುತ್ತದೆ, ಅದು ಟೊಳ್ಳೋ ಅಲ್ಲವೋ ಎಂಬುದನ್ನು ನೇರವಾಗಿ ಹೇಳುವುದಿಲ್ಲ (ನೀಲಿ ಛಾಯೆಯನ್ನೇ ಸಾಕ್ಷ್ಯವೆನ್ನುವುದು ನನಗಂತೂ ಒಪ್ಪಿಗೆಯಿಲ್ಲ). ಒಳಗೆ ಬಣ್ಣವನ್ನು ಸೆರೆಹಿಡಿದು, ಹೊರಗಿನದನ್ನು ಜೆಲ್ ಕಾಲಮ್‌ನಲ್ಲಿ (ಕಣಗಳನ್ನು ಅಳತೆಗೆ ತಕ್ಕಂತೆ ವಿಂಗಡಿಸುವ ಕೊಳವೆಯಲ್ಲಿ) ಬೇರ್ಪಡಿಸುವ ವಿಧಾನವನ್ನು ಯಾರಾದರೂ ಮಾಡಿದ್ದೀರಾ? ವಿದ್ಯುದಂಶವುಳ್ಳ ಬಣ್ಣ ದ್ವಿಪದರದ ಹೊರಮೈಗೇ ಅಂಟಿಕೊಂಡರೆ ಫಲಿತಾಂಶವನ್ನು ನಂಬುವುದು ಹೇಗೆ?

ಮುಂದೆ, ಜಲವಿರೋಧಿ ಬಾಲಗಳನ್ನು ಜೋಡಿಸಿದ ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಉದ್ದ ಸರಪಳಿಯ ವಸ್ತು) ಪಾಲಿಮರನ್ನು ಸೇರಿಸುವ ಯೋಜನೆಯಿದೆ. ಆ ಬಾಲಗಳು ದ್ವಿಪದರಗಳಲ್ಲಿ ನಾಟಿಕೊಂಡು ವೆಸಿಕಲ್‌ಗಳನ್ನು ಒಂದಕ್ಕೊಂದು ಬೆಸೆದು ಜೆಲ್ ಮಾಡಬಲ್ಲವು. ನಗರದಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ (ಮಾದರಿಯನ್ನು ಥಟ್ಟನೆ ಹೆಪ್ಪುಗಟ್ಟಿಸಿ ಚಿತ್ರ ತೆಗೆಯುವ ಉಪಕರಣ) ಹೊರಗಿನ ವಿದ್ಯಾರ್ಥಿಗಳ ಮಾದರಿಗಳನ್ನು ಸ್ವೀಕರಿಸುವ ಸಂಸ್ಥೆ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.