ಎಂಜಿನ್ ‘ಮಿಸ್ಸಿಂಗ್’: ಏಟು ತಪ್ಪುವುದೋ, ಮುಗ್ಗರಿಸುವುದೋ, ತಿಣುಕುವುದೋ?

ಹಳೆಯ ಪಿಕಪ್ ಗಾಡಿಯ ಎಂಜಿನ್ ದಿಢೀರನೆ ತೊಂದರೆ ಕೊಟ್ಟಾಗ ಚಾಲಕರೇ ದೋಷದ ಜಾಡು ಹಿಡಿಯಲು ನೆರವಾಗುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಕಾರ್ಬ್ಯುರೇಟರ್, ಪ್ಲಗ್, ಕಾಯಿಲ್, ಫಿಲ್ಟರ್ ಹಾಗೆಯೇ ಇರಲಿ. ಪ್ಲಗ್‌ಗೆ ‘ಕಿಡಿಬೆಣೆ’ ಎಂದು ಬರೆದರೆ ಓದಿದವನು ಅಂಗಡಿಗೆ ಹೋಗಿ ಏನೆಂದು ಕೇಳಬೇಕು? ತೊಡಕಿರುವುದು ಕ್ರಿಯಾಪದಗಳಲ್ಲಿ. ಎಂಜಿನ್ ಏನು ಮಾಡುತ್ತಿದೆ ಎಂದು ಹೇಳುವ ಪದ ಸಡಿಲವಾದರೆ ಹುಡುಕಾಟವೇ ದಾರಿ ತಪ್ಪುತ್ತದೆ.

ಮೊದಲನೆಯದು ‘ಮಿಸ್ಸಿಂಗ್’. ಗಾಡಿ ಜಗ್ಗಿದರೂ ಮಿಸ್ಸಿಂಗ್, ನಡುಗಿದರೂ ಮಿಸ್ಸಿಂಗ್, ಏರಿನಲ್ಲಿ ಸೋತರೂ ಮಿಸ್ಸಿಂಗ್. ಮೆಕ್ಯಾನಿಕ್ ಎದುರಿಗೇ ಇದ್ದರೆ ಇದರಿಂದ ನಷ್ಟವಿಲ್ಲ, ಅವನು ಕಿವಿಯಿಂದಲೇ ತಿಳಿದುಕೊಳ್ಳುತ್ತಾನೆ. ಬರಹದಲ್ಲಿ ಹಾಗಾಗುವುದಿಲ್ಲ. ಈ ಒಂದು ಪದದೊಳಗೆ ಕಡೇಪಕ್ಷ ನಾಲ್ಕು ಬೇರೆ ಬೇರೆ ಸಂಗತಿಗಳಿವೆ.

ನಿಜವಾದ ಅರ್ಥದ ಮಿಸ್ಸಿಂಗ್ ಎಂದರೆ ಒಂದು ಸಿಲಿಂಡರ್ ತನ್ನ ಸರದಿಯಲ್ಲಿ ಉರಿಯದೇ ಹೋಗುವುದು. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಟ್ಟು 1600 ಬಾರಿ ಉರಿಯಬೇಕು, ಪ್ರತಿ ಸಿಲಿಂಡರಿನ ಪಾಲು 400. ಒಂದು ಸತ್ತಿತೆಂದರೆ ಮೂರು ಏಟು ಬಿದ್ದು ನಾಲ್ಕನೆಯದು ಖಾಲಿ, ಮತ್ತೆ ಮೂರು ಏಟು, ಮತ್ತೆ ಖಾಲಿ. ಕುಂಟುವುದರಲ್ಲೂ ಒಂದು ಲೆಕ್ಕವಿರುತ್ತದೆ. ಇದಕ್ಕೆ ನಾನು ‘ಏಟು ತಪ್ಪು’ ಎಂದು ಬರೆದಿದ್ದೇನೆ: ‘ಎರಡನೆಯ ಸಿಲಿಂಡರ್ ಏಟು ತಪ್ಪುತ್ತಿದೆ’. ‘ಲಯ ತಪ್ಪು’ ಎಂಬ ಸಲಹೆಯೂ ಬಂದಿತ್ತು. ಅದು ಇಂಪಾಗಿದೆ, ಆದರೆ ಲಯ ಇಡೀ ಎಂಜಿನ್ನಿನದು. ತಪ್ಪಿದ್ದು ಯಾರು ಎಂಬುದನ್ನು ಆ ಪದ ಹೇಳುವುದಿಲ್ಲ. ‘ಕಿಡಿ ತಪ್ಪು’ ಎಂದರೆ ಡೀಸೆಲ್ ಎಂಜಿನ್ ಹೊರಗುಳಿಯುತ್ತದೆ. ಅದರಲ್ಲಿ ಕಿಡಿಯೇ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಏಟು ಎರಡಕ್ಕೂ ಸಲ್ಲುತ್ತದೆ.

ಪರೀಕ್ಷೆಯನ್ನು ವಿವರಿಸುವಾಗಲೂ ಈ ಪದ ಒದಗಿ ಬರುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾರೆ. ಚೆನ್ನಾಗಿರುವ ಸಿಲಿಂಡರಿನ ವೈರ್ ಕಿತ್ತರೆ ಎಂಜಿನ್ ಇನ್ನಷ್ಟು ಕುಸಿಯುತ್ತದೆ. ಯಾವುದನ್ನು ಕಿತ್ತರೂ ಸದ್ದು ಬದಲಾಗುವುದಿಲ್ಲವೋ ಏಟು ತಪ್ಪುತ್ತಿರುವುದು ಅದೇ. ಹಳೆಯ ಪಂಪಿನ ಡೀಸೆಲ್ಲಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ತುಸು ಸಡಿಲಿಸಿ ಇದನ್ನೇ ಮಾಡುತ್ತಾರೆ. (ಕಾಮನ್ ರೈಲ್ ಡೀಸೆಲ್ಲಿಗೆ, ಎಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಎಣ್ಣೆ ಹೋಗುವ ಎಂಜಿನ್ನಿಗೆ, ಇದು ಸಲ್ಲದು. ಅಲ್ಲಿಯ ಒತ್ತಡಕ್ಕೆ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಕೈಪಿಡಿಯಲ್ಲಿ ಈ ಒಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿಸುವವನಿದ್ದೇನೆ.) ಕಂಪ್ಯೂಟರ್ ಇರುವ ಗಾಡಿಯಾದರೆ ಪಿ0302 ಎಂಬ ಸಂಕೇತ ಎರಡನೆಯ ಸಿಲಿಂಡರಿನತ್ತ ಬೆರಳು ಮಾಡುತ್ತದೆ, ಪಿ0300 ಬಂದರೆ ತಪ್ಪುತ್ತಿರುವುದು ಯಾವುದೋ ಒಂದೇ ಎಂದು ಹೇಳುವಂತಿಲ್ಲ.

ಎರಡನೆಯದಕ್ಕೆ ‘ಮುಗ್ಗರಿಸು’. ಎಂಜಿನ್ ನಿಂತಲ್ಲಿ ಸರಿಯಾಗಿರುತ್ತದೆ, ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೆ ಒಮ್ಮೆ ಕುಸಿದು ಆಮೇಲೆ ಚೇತರಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇದರ ಮೊದಲ ಆರೋಪಿ ಆಕ್ಸಿಲರೇಟರ್ ಪಂಪ್. ಕಾರ್ಬ್ಯುರೇಟರಿನೊಳಗಿನ ಗಾಳಿಯ ಬಾಗಿಲು (ಥ್ರಾಟಲ್) ಸರ್ರನೆ ತೆರೆದಾಗ ಗಾಳಿ ಮೊದಲು ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕೊರತೆಯನ್ನು ತುಂಬುವುದು ಈ ಪಂಪಿನ ಕೆಲಸ. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡುತ್ತಾ ಕೈಯಿಂದ ಲಿವರ್ ಎಳೆಯಬೇಕು. ಸಣ್ಣ ತೂತಿನಿಂದ ಪೆಟ್ರೋಲಿನ ಗೆರೆಯೊಂದು ಚಿಮ್ಮಬೇಕು. ಬರೀ ತೇವ ಜಿನುಗಿದರೆ ಪಂಪಿನ ಪದರ ಒಣಗಿರಬಹುದು ಅಥವಾ ಹರಿದಿರಬಹುದು. ಇದನ್ನು ‘ಮಿಸ್ಸಿಂಗ್’ ಎಂದು ಬರೆದೆವೋ, ಓದಿದವನು ಪ್ಲಗ್‌ಗಳನ್ನು ಬದಲಾಯಿಸುತ್ತಾ ಕೂರುತ್ತಾನೆ.

ಮೂರನೆಯದು ‘ತಿಣುಕು’. ಖಾಲಿ ಗಾಡಿ, ಸಮತಟ್ಟು ರಸ್ತೆ: ಏನೂ ತೊಂದರೆಯಿಲ್ಲ. ಹೊರೆ ಹೇರಿ ಏರು ಹತ್ತಿಸಿದರೆ ಬಲವೇ ಇಲ್ಲ. ಬೇಕಾದಷ್ಟು ಎಣ್ಣೆ (ಪೆಟ್ರೋಲ್ ಅಥವಾ ಡೀಸೆಲ್) ಬರುತ್ತಿಲ್ಲ, ಇಲ್ಲವೇ ಹೊಗೆ ಹೊರಹೋಗಲು ದಾರಿಯಿಲ್ಲ. ಎಂದರೆ ಕಟ್ಟಿಕೊಂಡ ಫಿಲ್ಟರ್, ಸೋತ ಪಂಪ್ ಅಥವಾ ಮುಚ್ಚಿಹೋದ ಸೈಲೆನ್ಸರ್. ಆಡುಮಾತಿನಲ್ಲಿ ಇದಕ್ಕೆ ‘ಪಿಕಪ್ ಇಲ್ಲ’ ಎನ್ನುತ್ತಾರೆ. ಕಾರಿನ ಬಗ್ಗೆ ಬರೆಯುವಾಗ ಅದು ನಡೆಯುತ್ತದೆ. ನನ್ನ ಕೈಪಿಡಿಯಲ್ಲಿ ಮಾತ್ರ ‘ಪಿಕಪ್‌ಗೆ ಪಿಕಪ್ ಇಲ್ಲ’ ಎಂದಾಗುತ್ತದೆ, ಬರೆಯುವವನಿಗೇ ನಗು ಬರುತ್ತದೆ.

ನಾಲ್ಕನೆಯದು ‘ಹೊಯ್ದಾಡು’: ಕಾಲು ತೆಗೆದಾಗಲೂ ಎಂಜಿನ್ನಿನ ವೇಗ ತಾನಾಗಿಯೇ ಏರುವುದು, ಇಳಿಯುವುದು. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪನ್ನು ಮೊದಲು ನೋಡಬೇಕು. ಈ ಪದದ ಬಗ್ಗೆ ಯಾರೂ ಆಕ್ಷೇಪ ಎತ್ತಲಾರರು.

‘ನಿಂತುಹೋಯಿತು’ ಎಂಬುದಕ್ಕೂ ಇಷ್ಟೇ ಎಚ್ಚರ ಬೇಕು. ಪತ್ರಿಕೆಗಳಲ್ಲಿ ಎಲ್ಲ ಗಾಡಿಗಳೂ ‘ಕೆಟ್ಟು ನಿಲ್ಲುತ್ತವೆ’. ಹೇಗೆ ನಿಂತವು ಎಂಬುದು ವರದಿಗಾರನಿಗೆ ಬೇಕಿಲ್ಲ. ದೋಷ ಹುಡುಕುವವನಿಗೆ ಬೇಕಾದದ್ದು ಅದೇ. ಕೀ ತಿರುಗಿಸಿ ಆರಿಸಿದಂತೆ ಗಕ್ಕನೆ ನಿಂತಿತೇ? ಹಾಗಿದ್ದರೆ ಹೆಚ್ಚಿನ ಪಾಲು ವಿದ್ಯುತ್ತಿನ ಕಡೆ ನೋಡಬೇಕು: ಕಾಯಿಲ್, ರಿಲೇ, ಸಡಿಲವಾದ ವೈರ್, ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ನಿಂತು ತಣಿದ ಮೇಲೆ ಏನೂ ಆಗದಂತೆ ಹೊರಡುವ ಗಾಡಿಗಳಲ್ಲಿ ಸೆನ್ಸರಿನ ಮೇಲೋ ಕಾಯಿಲಿನ ಮೇಲೋ ಅನುಮಾನ ಬಲವಾಗುತ್ತದೆ. ಬದಲಿಗೆ ನಾಲ್ಕಾರು ಸಲ ಜಗ್ಗಿ, ಕೊಸರಾಡಿ, ಆಮೇಲೆ ನಿಂತರೆ ಎಣ್ಣೆಯ ದಾರಿಯನ್ನು ಹುಡುಕಬೇಕು. ಇಲ್ಲಿ ಭೇದ ಹೇಳುವುದು ಕ್ರಿಯಾಪದವಲ್ಲ, ‘ಗಕ್ಕನೆ’ ಎಂಬ ಅವ್ಯಯ. ಕರಡು ತಿದ್ದಿದವರೊಬ್ಬರು ಅದು ಕಥೆಯ ಭಾಷೆಯಾಯಿತು ಎಂದು ಹೊಡೆದುಹಾಕಿ ‘ಹಠಾತ್ತಾಗಿ’ ಎಂದು ಬರೆದರು. ನನಗೆ ಒಪ್ಪಿಗೆಯಿಲ್ಲ. ಕೊಸರಾಡಿ ನಿಂತ ಗಾಡಿಯೂ ಹಠಾತ್ತಾಗಿಯೇ ಕೆಟ್ಟದ್ದು.

ಹೊರಡದ ಗಾಡಿಗೆ ಮೆಕ್ಯಾನಿಕ್‌ಗಳ ಮಾತೇ ಸಾಕು. ‘ಸ್ಟಾರ್ಟ್ ಆಗುತ್ತಿಲ್ಲ’ ಎಂದೊಡನೆ ಅವರು ಕೇಳುವುದು ‘ಸೆಲ್ಫ್ ಹೊಡೆಯುತ್ತದೆಯೇ?’ ಎಂದು, ಎಂದರೆ ಸ್ಟಾರ್ಟರ್ ಮೋಟರ್ ಎಂಜಿನ್ನನ್ನು ತಿರುಗಿಸುತ್ತಿದೆಯೇ ಎಂದು. ಸೆಲ್ಫ್ ಹೊಡೆಯದೆ ಬರೀ ಕಟಕಟ ಎಂದರೆ ಬ್ಯಾಟರಿ ಅಥವಾ ಅದರ ತುದಿಗಳು. ಸೆಲ್ಫ್ ಹೊಡೆದೂ ಎಂಜಿನ್ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಗಾಡಿಯಲ್ಲಿ ‘ಪ್ಲಗ್‌ಗೆ ಕರೆಂಟ್ ಬರುತ್ತಿದೆಯೇ’ ಎಂಬ ಮುಂದಿನ ಪ್ರಶ್ನೆ. ಸೆಲ್ಫ್ ಎಂದಿಗಿಂತ ಹಗುರಾಗಿ, ಬೇಗ ಬೇಗ ತಿರುಗಿದರೆ ಟೈಮಿಂಗ್ ಬೆಲ್ಟ್ ಕಡಿದಿರಬಹುದು. ಆಗ ಮತ್ತೆ ಮತ್ತೆ ಕೀ ತಿರುಗಿಸಬಾರದು.

‘ಏರ್ ಹಿಡಿದಿದೆ’ ಎಂಬುದು ನನ್ನನ್ನು ಹೆಚ್ಚು ಕಾಡಿಸಿದ ಪ್ರಯೋಗ. ಡೀಸೆಲ್ಲಿನಲ್ಲಿ ಇದರರ್ಥ ಸ್ಪಷ್ಟ: ಎಣ್ಣೆಯ ಪೈಪಿನೊಳಗೆ ಗಾಳಿ ಸೇರಿದೆ, ಕೈಪಂಪ್ ಒತ್ತಿ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೂ ‘ಏರ್ ತೆಗೆಯಬೇಕು’. ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕವಲುಕೊಳವೆಯಲ್ಲಿ) ಸೀಳಿದ್ದು ಹೊರಗಿನ ಗಾಳಿ ಒಳಬರುತ್ತಿದ್ದರೂ ಕೆಲವರು ಇದನ್ನೇ ಹೇಳುತ್ತಾರೆ. ಅಲ್ಲಿ ತೆಗೆಯಬೇಕಾದ ಏರ್ ಇಲ್ಲ, ಮುಚ್ಚಬೇಕಾದ ಸೀಳಿದೆ. ಹಾಗಾಗಿ ಎರಡನೆಯದಕ್ಕೆ ‘ಗಾಳಿ ಎಳೆಯುತ್ತಿದೆ’ ಎಂದು ಬೇರೆ ಮಾಡಿದ್ದೇನೆ.

ಸದ್ದುಗಳ ವಿಷಯಕ್ಕೆ ಬಂದರೆ ಕನ್ನಡದ ಅನುಕರಣಾವ್ಯಯಗಳು ಇಂಥ ಕೆಲಸಕ್ಕೆಂದೇ ಹುಟ್ಟಿದಂತಿವೆ. ಟಿಕಟಿಕ ಎಂದರೆ ಮೇಲುಭಾಗದ ವಾಲ್ವ್‌ಗಳತ್ತ ಗಮನ. ಹೊರೆ ಬಿದ್ದಾಗ ಕಿಣಿಕಿಣಿ ಎಂದರೆ ಉರಿ ಅಕಾಲದಲ್ಲಿ ಆಗುತ್ತಿದೆ. ಬುಸ್ ಎಂದರೆ ಗಾಳಿ ಎಳೆಯುತ್ತಿದೆ. ಕೆಳಗಿನಿಂದ ದಡದಡ ಎಂದು ಬಂದು ಆಯಿಲ್ ದೀಪವೂ ಹತ್ತಿಕೊಂಡರೆ ಆ ಕ್ಷಣವೇ ಆರಿಸಬೇಕು, ಬೇರಿಂಗ್ ಹೋಗಿದೆ ಎಂದೇ ಎಣಿಸಬೇಕು. ‘ಫಟ್’ ಎಂಬುದಕ್ಕೆ ಮಾತ್ರ ದಿಕ್ಕನ್ನೂ ಸೇರಿಸಬೇಕಾಯಿತು: ಕಾರ್ಬ್ಯುರೇಟರಿನಿಂದ ಬಂದ ಫಟ್ ಬೇರೆ, ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊತ್ತಿದ ಫಟ್ ಬೇರೆ. ಇಂಗ್ಲಿಷಿನಿಂದ ಬಂದ ‘ನಾಕಿಂಗ್’ ಕಿಣಿಕಿಣಿ ಮತ್ತು ದಡದಡ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ಅದನ್ನು ಪೂರ್ತಿ ಕೈಬಿಟ್ಟಿದ್ದೇನೆ.

‘ಬೋರ್‌ಗೆ ಬಂದಿದೆ’ ಎಂಬುದಕ್ಕೆ ಈ ಕೈಪಿಡಿಯಲ್ಲಿ ಜಾಗವಿಲ್ಲ. ಸಿಲಿಂಡರ್ ಸವೆಯುವುದು ನಿಧಾನದ ರೋಗ. ನಿನ್ನೆ ಚೆನ್ನಾಗಿದ್ದ ಎಂಜಿನ್ ಇವತ್ತು ಬೋರ್‌ಗೆ ಬರುವುದಿಲ್ಲ.

ಬಲ್ಲವರಲ್ಲಿ ಎರಡು ಪ್ರಶ್ನೆಗಳು. ‘ತಿಣುಕು’ ಎಂಬುದನ್ನು ಯಂತ್ರಕ್ಕೆ ಹೇಳುವುದನ್ನು ಕೇಳಿದ್ದೀರಾ, ಅಥವಾ ಅದು ಮನುಷ್ಯರಿಗೇ ಮೀಸಲೇ? ಎರಡನೆಯದು: ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಕೀ ತೆಗೆದ ಮೇಲೂ ಒಳಗಿನ ಮಸಿ ಕೆಂಡದಂತೆ ಕಾದಿದ್ದು, ಎಂಜಿನ್ ಕಿಡಿಯಿಲ್ಲದೆಯೇ ಇನ್ನೂ ಸ್ವಲ್ಪ ಹೊತ್ತು ಗುಡುಗುಡಿಸಿ ಆಮೇಲೆ ನಿಲ್ಲುತ್ತದೆಯಲ್ಲ, ನಿಮ್ಮ ಕಡೆಯ ಚಾಲಕರು ಅದಕ್ಕೆ ಏನೆನ್ನುತ್ತಾರೆ?