ಅಪಿಯಾ ಬಂದರು, 1918: ಒಂದೇ ಹಡಗಿನಿಂದ ಇಷ್ಟು ಸಾವು ಹೇಗೆ?

ಕಡಲದಾರಿ:
ಅಪಿಯಾ ಬಂದರಿರುವ, ಆಗ ನ್ಯೂಜಿಲೆಂಡಿನ ಆಡಳಿತದಲ್ಲಿದ್ದ ಪಶ್ಚಿಮ ಸಮೋವಾದಲ್ಲಿ 1918ರ ಫ್ಲೂ ಸಾವಿನ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸುಮಾರು 38,000 ಜನರಲ್ಲಿ ಎರಡು ತಿಂಗಳೊಳಗೆ 8,500ರಷ್ಟು ಸಾವು. ಅದೇ ಭಾಷೆ, ಅದೇ ಊಟ, ಅದೇ ಹವೆಯ ಪಕ್ಕದ ಅಮೆರಿಕನ್ ಸಮೋವಾದಲ್ಲಿ ಫ್ಲೂನಿಂದ ಒಂದೂ ಸಾವಿಲ್ಲ. ಎರಡು ಸಂಗತಿ ತಿಳಿಯಬೇಕಿದೆ. ಸೋಂಕು ತಂದ ತಲೂನ್ ಹಡಗು ಅಕ್ಟೋಬರ್ 30ಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ಬಿಟ್ಟು ನವೆಂಬರ್ 7ಕ್ಕೆ ಅಪಿಯಾ ಮುಟ್ಟಿತು. ಸೋಂಕು ತಗಲಿದ ಒಂದರಿಂದ ನಾಲ್ಕು ದಿನದಲ್ಲಿ ಜ್ವರ ಬರುವ ಕಾಯಿಲೆ ಇದು. ಎಂಟು ದಿನದ ಪಯಣದಲ್ಲಿ ಹಡಗಿನೊಳಗೇ ಮುಗಿದುಹೋಗಬೇಕಿತ್ತಲ್ಲವೇ? ಇನ್ನೊಂದು, ನ್ಯೂಜಿಲೆಂಡಿನಲ್ಲಿ ಒಟ್ಟು ಜನಸಂಖ್ಯೆಯ ನೂರಕ್ಕೆ ಒಬ್ಬರೂ ತೀರಿಕೊಂಡಿಲ್ಲ. ಇಲ್ಲಿ ಇಪ್ಪತ್ತೆರಡು. ಇದಕ್ಕೆಲ್ಲ ವೈರಸ್ಸೊಂದೇ ಕಾರಣವೇ?

ಹಳೆಕಡತ:
ನಿಮ್ಮ ಎಂಟು ದಿನದ ಲೆಕ್ಕ ಒಬ್ಬನೇ ರೋಗಿಗೆ ಸರಿ, ತುಂಬಿದ ಹಡಗಿಗೆ ಅಲ್ಲ. ಮೊದಲ ದಿನ ಹತ್ತಿದವನಿಂದ ಪಕ್ಕದ ಹಾಸಿಗೆಯವನಿಗೆ, ಮೂರನೆಯ ದಿನ ಅವನಿಂದ ಅಡುಗೆಯವನಿಗೆ, ಆರನೆಯ ದಿನ ಮತ್ತೊಬ್ಬನಿಗೆ. ಲಂಗರು ಹಾಕುವ ಹೊತ್ತಿಗೆ ಮೊದಲಿನವನು ಎದ್ದು ಓಡಾಡುತ್ತಿರುತ್ತಾನೆ, ಕೊನೆಯವನಿಗೆ ಇನ್ನೂ ಕೆಮ್ಮೇ ಶುರುವಾಗಿರುವುದಿಲ್ಲ. ಆದ್ದರಿಂದ ಎಣಿಕೆ ಶುರುವಾಗಬೇಕಾದದ್ದು ಹೊರಟ ದಿನದಿಂದಲ್ಲ, ಹಡಗಿನಲ್ಲಿ ಕಂಡ ಕೊನೆಯ ರೋಗಿಯಿಂದ. ಹೊಸದಾಗಿ ಒಬ್ಬನಿಗೆ ಜ್ವರ ಬಂದರೆ ಮತ್ತೆ ಒಂದನೇ ದಿನ.

ಬಂದರಿನ ಕ್ರಮ ಹೀಗಿತ್ತು. ಹಡಗು ಹಳದಿ ಬಾವುಟ ಏರಿಸಿ ಹೊರಗೇ ನಿಲ್ಲಬೇಕು. ಬಂದರಿನ ವೈದ್ಯರು ದೋಣಿಯಲ್ಲಿ ಹೋಗಿ, ಹಿಂದಿನ ಬಂದರು ಕೊಟ್ಟ ಆರೋಗ್ಯಪತ್ರ ನೋಡಿ, ಕಪ್ತಾನನನ್ನು ವಿಚಾರಿಸಿ, ಪ್ರಯಾಣಿಕರ ಮೇಲೆ ಕಣ್ಣಾಡಿಸಿ ಇಳಿಯಲು ಅನುಮತಿ ಕೊಡಬೇಕು. ಪ್ಲೇಗು, ಕಾಲರಾ, ಸಿಡುಬಿನಂಥ ರೋಗಗಳಿಗೆಂದು ಹೊಸೆದ ಕ್ರಮ ಇದು. ತಲೂನ್ ಹೊರಟಾಗ ಆಕ್ಲೆಂಡಿನಲ್ಲಿ ಫ್ಲೂ ಹಬ್ಬಿತ್ತು, ಆದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಪತ್ರ ಶುದ್ಧ! ದಾರಿಯಲ್ಲಿ ಫಿಜಿಯ ಸುವಾ ಬಂದರಿನವರು ಇದೇ ಹಡಗನ್ನು ಕ್ವಾರಂಟೈನ್‌ನಲ್ಲಿ ಇಟ್ಟಿದ್ದರು. ಆ ಒಂದು ಸಂಗತಿಯೇ ಅಪಿಯಾದಲ್ಲಿ ಎಲ್ಲರನ್ನೂ ತಡೆಯಲು ಸಾಕಿತ್ತು. ತಡೆಯಲಿಲ್ಲ. ಜನ ಇಳಿದು ತಮ್ಮ ತಮ್ಮ ಹಳ್ಳಿಗೆ ಹೋದರು. ಹಡಗು ಮುಂದೆ ಟೊಂಗಾಕ್ಕೆ ಹೋಯಿತು, ಅಲ್ಲೂ ನೂರಕ್ಕೆ ಎಂಟರಷ್ಟು ಸಾವು.

ನಾಡಿಬಡಿತ:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ವೈರಸ್ ಜನರನ್ನು ಮಲಗಿಸಿತು. ಮಲಗಿದವರಲ್ಲಿ ಬಹಳಷ್ಟು ಮಂದಿಯನ್ನು ಕೊಂದದ್ದು ಆರೈಕೆಯಿಲ್ಲದಿದ್ದುದು.

ಒಂದು ಮನೆಯ ಒಳಗೆ ನೋಡಿ. ಗೋಡೆಯಿಲ್ಲದ, ಕಂಬಗಳ ಮೇಲೆ ನಿಂತ ಫಾಲೆ. ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಎಲ್ಲರೂ ಅಕ್ಕಪಕ್ಕ ಚಾಪೆ ಹಾಸಿ ಮಲಗುವವರು, ಕಾಯಿಲೆಯವರ ಸುತ್ತ ಬಂಧುಗಳು ಕೂರುವುದು ರೂಢಿ. ಮೂರು ನಾಲ್ಕು ದಿನದಲ್ಲಿ ಇಡೀ ಮನೆ ಒಟ್ಟಿಗೆ ಮಲಗುತ್ತದೆ. 1918ರ ಫ್ಲೂ ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟು ವಯಸ್ಸಿನವರನ್ನೇ ಹೆಚ್ಚು ಹೊಡೆಯಿತು. ಅಂದರೆ ನೀರು ತರುವವರು, ಮೀನು ಹಿಡಿಯುವವರು, ಮಕ್ಕಳನ್ನು ನೋಡುವವರೇ ಮೊದಲು ಬಿದ್ದರು.

ತೋಟದಲ್ಲಿ ಕೆಸುವಿನ ಗಡ್ಡೆ ಇದ್ದೇ ಇತ್ತು. ಅದನ್ನು ಅಗೆದು ಹೊತ್ತು ತರಬೇಕು. ಹಸಿಯಾಗಿ ತಿನ್ನುವ ಹಾಗಿಲ್ಲ, ಅದರೊಳಗಿನ ಸೂಜಿಯಂಥ ಹರಳುಗಳು ಬಾಯಿ ಗಂಟಲನ್ನೆಲ್ಲ ಕೆರೆಯುತ್ತವೆ, ಚೆನ್ನಾಗಿ ಬೇಯಲೇಬೇಕು. ಬೇಯಿಸುವ ಉಮು ಒಲೆಗೆ ಸೌದೆ ಒಟ್ಟಿ, ಕಲ್ಲು ಕಾಯಿಸಿ, ಎಲೆ ಮುಚ್ಚಿ ಕಾಯಬೇಕು. ಜ್ವರದಲ್ಲಿ ಕೂರಲೂ ಆಗದವರಿಗೆ ಇದು ಆಗದ ಮಾತು. ಬೆಳೆ ಎದುರಿಗಿದ್ದೇ ಹಸಿವು.

ಕಾಯಿಲೆಯವರಿಗೆ ಬೇಕಿದ್ದದ್ದು ದೊಡ್ಡ ಔಷಧಿಯಲ್ಲ, ಆಗ ಅಂಥದ್ದು ಇರಲೂ ಇಲ್ಲ. ಜ್ವರ 39–40 ಡಿಗ್ರಿ ಇರುವಾಗ ಎಚ್ಚರವಾದಾಗಲೆಲ್ಲ ನಾಲ್ಕೈದು ಗುಟುಕು ನೀರು ಅಥವಾ ಎಳನೀರು. ಒಮ್ಮೆಗೇ ಕುಡಿಸಿದರೆ ವಾಂತಿ. ಪ್ರಜ್ಞೆ ಮಂಜಾದವರಿಗೆ ಎಚ್ಚರವಾಗುವವರೆಗೆ ಬಾಯಿಗೆ ಏನೂ ಹಾಕಬಾರದು, ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಬೆವರಿಗೆ ತೊಯ್ದ ಚಾಪೆ, ಬಟ್ಟೆ ಬದಲಿಸಬೇಕು. ದಿನಕ್ಕೆ ಎರಡು ಮೂರು ಸಲ ತೆಳ್ಳನೆಯ ಗಂಜಿ. ಜ್ವರ ಬಿಟ್ಟ ಮೇಲೂ ಕೆಲವು ದಿನ ಕೆಲಸಕ್ಕೆ ಏಳಬಾರದು. ಇಳಿದ ಜ್ವರ ಎರಡು ದಿನ ಬಿಟ್ಟು ಮತ್ತೆ ಏರಿದರೆ ಎದೆಗೆ ಬ್ಯಾಕ್ಟೀರಿಯಾ ಇಳಿದಿದೆ ಎಂದೇ ಅರ್ಥಮಾಡಿಕೊಳ್ಳಿ. ತುಟಿ ನೀಲಿಗಟ್ಟಿದರೆ ಆ ಕಾಲದಲ್ಲಿ ಉಳಿಯುವುದು ಬಹಳ ಕಷ್ಟ.

ಪ್ರತಿ ಹಳ್ಳಿಗೂ ಒಂದು ಸಾಮೂಹಿಕ ಗಂಜಿ ಒಲೆ, ಮನೆಮನೆಗೆ ನೀರು ಹೊರುವ ನಾಲ್ಕು ಜನ ಸಿಕ್ಕಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಈ ಕೆಲಸಕ್ಕೆ ಮೊದಲು ಬಿದ್ದು ಎದ್ದವರೇ ಸರಿ, ಅವರಿಗೆ ಅದೇ ಅಲೆಯಲ್ಲಿ ಮತ್ತೆ ಹತ್ತುವುದು ಅಪರೂಪ. ವೈದ್ಯರ ತಂಡ ಹೊತ್ತ ಆಸ್ಟ್ರೇಲಿಯಾದ ಎನ್‌ಕೌಂಟರ್ ಹಡಗು ಅಪಿಯಾಕ್ಕೆ ಬಂದದ್ದು ಡಿಸೆಂಬರ್ 3ಕ್ಕೆ. ಅಷ್ಟರಲ್ಲಿ ಚಾಪೆಯಲ್ಲಿ ಸುತ್ತಿದ ಹೆಣಗಳನ್ನು ಲಾರಿಯಲ್ಲಿ ಒಯ್ದು ಅಪಿಯಾ ಬಳಿಯ ವೈಮೋಸೋದ ಗುಂಡಿಯಲ್ಲಿ ಒಟ್ಟಿಗೆ ಹೂಳುವ ಸ್ಥಿತಿ ಬಂದಿತ್ತು.

ಹಳೆಕಡತ:
ನೆರವು ಹತ್ತಿರದಲ್ಲೇ ಇತ್ತು ಎನ್ನುವುದು ಇನ್ನೂ ನೋವಿನ ವಿಷಯ. ಪಾಂಗೊ ಪಾಂಗೊದಲ್ಲಿದ್ದ ಅಮೆರಿಕನ್ ಸಮೋವಾದ ಗವರ್ನರ್ ಜಾನ್ ಪೋಯರ್ ವೈದ್ಯಕೀಯ ನೆರವು ಕಳಿಸಲು ಮುಂದಾದರೂ ಅಪಿಯಾದ ಆಡಳಿತಗಾರ ಕರ್ನಲ್ ರಾಬರ್ಟ್ ಲೋಗನ್ ಅದನ್ನು ಪಡೆಯಲಿಲ್ಲ. ನ್ಯೂಜಿಲೆಂಡ್ ಸರ್ಕಾರ ಇದಕ್ಕೆಲ್ಲ ಕ್ಷಮೆ ಕೇಳಿದ್ದು 2002ರಲ್ಲಿ.

ಪೋಯರ್ ಫ್ಲೂ ತಡೆದು ಗೆದ್ದದ್ದು ಬಂದರಿನ ಬಾಗಿಲು ಹಾಕಿದ್ದರಿಂದ ಮಾತ್ರವಲ್ಲ. ಪಾಂಗೊ ಪಾಂಗೊ ಇರುವ ಟುಟುಯಿಲಾ ದ್ವೀಪಕ್ಕೆ ಅಪಿಯಾ ಇರುವ ಉಪೋಲು ದ್ವೀಪದಿಂದ ಸಣ್ಣ ದೋಣಿಯಲ್ಲೂ ಬರಬಹುದು, ಯಾವ ಮರಳದಂಡೆಯಲ್ಲಾದರೂ ಇಳಿಯಬಹುದು. ಅದಕ್ಕೇ ಹಳ್ಳಿಗಳವರೇ ಕರಾವಳಿ ಕಾದರು. ದೊಡ್ಡ ಬಂದರನ್ನಷ್ಟೇ ಕಾದಿದ್ದರೆ ಒಂದು ರಾತ್ರಿಯ ದೋಣಿ ಸಾಕಿತ್ತು. ಕಾಯಿಲೆ ತಣ್ಣಗಾಯಿತು ಎಂದು ಬೇಗ ಸಡಿಲಿಸಲೂ ಇಲ್ಲ, ನಿರ್ಬಂಧ 1920ರವರೆಗೆ ನಡೆಯಿತು.

ಕಡಲದಾರಿ:
ಇಬ್ಬರಿಗೂ ಧನ್ಯವಾದ. ಅಷ್ಟು ಕಾಲ ಬಾಗಿಲು ಹಾಕಿದರೆ ಸರಕಿನ ಗತಿ? ಕೊಬ್ಬರಿ ಮೂಟೆ, ಟಪಾಲು ಚೀಲದಿಂದ ಸೋಂಕು ಬರುವುದಿಲ್ಲವೇ?

ನಾಡಿಬಡಿತ:
ಮೂಟೆಗಿಂತ ಮೂಟೆ ಹೊರುವವನ ಉಸಿರಿನದೇ ಭಯ. ಈ ವೈರಸ್ ಲೋಹದಂಥ ನುಣುಪು ಮೇಲ್ಮೈಯಲ್ಲಿ ಒಂದೆರಡು ದಿನ ಉಳಿದೀತು, ಬಟ್ಟೆ ಕಾಗದದ ಮೇಲೆ ಅದಕ್ಕಿಂತ ಕಡಿಮೆ. ಸರಕನ್ನು ಮೂರು ದಿನ ಮುಟ್ಟದೆ ಬಿಟ್ಟರೆ ಸಾಕು. ಕೆಡುವುದು ಎಲ್ಲೆಂದರೆ, ಹಡಗಿನ ಆಳುಗಳೂ ಊರಿನ ಹಮಾಲರೂ ಗಾಳಿಯಾಡದ ಉಗ್ರಾಣದೊಳಗೆ ಜೊತೆಗೆ ದುಡಿಯುವಾಗ. ಹಡಗಿನವರು ಸರಕನ್ನು ಹೊರಗಿಟ್ಟು ಹಿಂದೆ ಸರಿದ ಮೇಲೆಯೇ ಊರಿನವರು ಕೈಹಾಕಬೇಕು. ದಾರಿ ತೋರಿಸಲು ಹಡಗು ಹತ್ತುವ ಪೈಲಟ್‌ನನ್ನು ಮಾತ್ರ ಮರೆಯಬೇಡಿ. ಒಮ್ಮೆ ಹತ್ತಿದ ಮೇಲೆ ಅವನೂ ಹಡಗಿನವನೇ, ಅವನಿಗೂ ಅಷ್ಟೇ ದಿನದ ಕ್ವಾರಂಟೈನ್.