ಜ್ವರ ಹಬ್ಬಿರುವಾಗ ಆಸ್ಪತ್ರೆಯಲ್ಲಿ ದುಡಿಯುವವರಿಗಾಗಿ ಸಭೆಯಲ್ಲಿ ಹೇಗೆ ಪ್ರಾರ್ಥಿಸಬೇಕು?

ಪ್ರಶ್ನೆ: ಕೋಲಾರದ ಸಭಾಸದಸ್ಯ

ಕ್ರಿಸ್ತನಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಸುತ್ತಮುತ್ತ ಡೆಂಗಿ ಜ್ವರ ಹಬ್ಬಿದೆ. ಬರುವ ಭಾನುವಾರದ ಆರಾಧನೆಯಲ್ಲಿ ವೈದ್ಯರು, ನರ್ಸ್‌ಗಳು ಮತ್ತು ಅವರ ಜೊತೆಗಾರರಿಗಾಗಿ ವಿಜ್ಞಾಪನಾ ಪ್ರಾರ್ಥನೆ ನಡೆಸುವಂತೆ ಸಭಾಪಾಲಕರು ನನಗೆ ಹೇಳಿದ್ದಾರೆ. ಮೆಥಡಿಸ್ಟ್ ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆ ಇರುವ ಊರು ನಮ್ಮದು. ಇಲ್ಲಿನ ಕ್ರೈಸ್ತ ಮನೆಗಳಿಗೆ ಈ ಸೇವೆ ಹೊಸದಲ್ಲ. ಸಭೆಯಲ್ಲಿ ಸ್ಟಾಫ್ ನರ್ಸ್‌ಗಳಿದ್ದಾರೆ, ಲ್ಯಾಬ್‌ನಲ್ಲಿ ದುಡಿಯುವವರಿದ್ದಾರೆ, 108 ಆಂಬುಲೆನ್ಸ್ ಓಡಿಸುವ ಒಬ್ಬ ತಮ್ಮನೂ ಇದ್ದಾನೆ.

ನನ್ನನ್ನು ಕಾಡುತ್ತಿರುವುದು ಇಷ್ಟು. ಕೊರೊನಾ ಕಾಲದಲ್ಲಿ ನಾವು ಪ್ರತಿ ವಾರವೂ 91ನೆಯ ಕೀರ್ತನೆಯನ್ನು ಓದಿ, ‘ಯಾವ ಕೇಡೂ ಇವರ ಬಳಿಗೆ ಬಾರದಿರಲಿ’ ಎಂದು ಬೇಡಿಕೊಂಡೆವು. ಆದರೂ ಸೇವೆಯಲ್ಲಿದ್ದವರು ಕಾಯಿಲೆ ಬಿದ್ದರು, ಕೆಲವರು ತೀರಿಕೊಂಡರು. ಅಂಥವರ ಮನೆಯವರು ಕುಳಿತಿರುವ ಸಭೆಯಲ್ಲಿ ಅದೇ ಕೀರ್ತನೆಯನ್ನು ಮತ್ತೆ ಓದುವುದು ಸರಿಯೇ? ಓದದೆ ಬಿಟ್ಟರೆ ವಿಶ್ವಾಸದ ಕೊರತೆಯಾಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ತುಮಕೂರಿನ ನಿವೃತ್ತ ಸಭಾಪಾಲಕ

ಸಹೋದರರೇ, ಕೀರ್ತನೆಯನ್ನು ಬಿಡಬೇಡಿ. ಆದರೆ ಅದನ್ನು ಕರಾರುಪತ್ರದಂತೆ ಓದಬೇಡಿ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಕ್ಕೆ ಹಾರು ಎಂದಾಗ ಆಧಾರವಾಗಿ ಎತ್ತಿಕೊಂಡದ್ದು ಇದೇ 91ನೆಯ ಕೀರ್ತನೆಯ ಮಾತನ್ನು. ದೇವರನ್ನು ಪರೀಕ್ಷಿಸಬಾರದೆಂದು ಯೇಸು ಉತ್ತರಿಸಿದನೇ ಹೊರತು, ಕೀರ್ತನೆಯನ್ನು ಅಲ್ಲಗಳೆಯಲಿಲ್ಲ. ಆ ಕೀರ್ತನೆಯ ಕೊನೆಯ ಭಾಗದಲ್ಲಿ ‘ಇಕ್ಕಟ್ಟಿನಲ್ಲಿ ಅವನ ಸಂಗಡ ಇರುವೆನು’ ಎಂಬ ಅರ್ಥದ ಮಾತು ಬರುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಎದುರಿನಲ್ಲಿ ಧೈರ್ಯವಾಗಿ ಓದಬಹುದಾದದ್ದು ಆ ಭಾಗ. ಅಲ್ಲಿಂದ ಆರಂಭಿಸಿ.

ಇನ್ನೊಂದು ವಿಷಯ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ವ್ಯಾಧಿ ಹಬ್ಬಿದ ಕಾಲಕ್ಕೆಂದೇ ಒಂದು ಪ್ರಾರ್ಥನೆಯಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ತಗಲಿದ ವ್ಯಾಧಿಯನ್ನೂ ದಾವೀದನ ಕಾಲದ ವ್ಯಾಧಿಯನ್ನೂ ನೆನೆದು, ಕರುಣೆ ತೋರಿಸಿ ಇದನ್ನು ನಮ್ಮಿಂದ ತೊಲಗಿಸು ಎಂದು ಅದು ಬೇಡುತ್ತದೆ. ಗಂಭೀರವಾದ ಪ್ರಾರ್ಥನೆಯೇ, ಆದರೆ ರೋಗಿಯ ಮಂಚದ ಪಕ್ಕದಲ್ಲಿ ನಿಂತವರ ಪ್ರಸ್ತಾಪ ಅದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಹಳೆಯ ಪ್ರಾರ್ಥನೆಯನ್ನು ಹಾಗೆಯೇ ಓದಿ ಮುಗಿಸಿದರೆ ನಿಮ್ಮ ಭಾನುವಾರದ ಉದ್ದೇಶ ಈಡೇರುವುದಿಲ್ಲ, ನೀವೇ ಬರೆಯಬೇಕಾಗುತ್ತದೆ.

ಬರೆಯುವಾಗ 1527ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಕೊಟ್ಟ ಸಲಹೆ ನೆನಪಿನಲ್ಲಿರಲಿ. ಜರ್ಮನಿಯ ವಿಟ್ಟೆನ್‌ಬರ್ಗ್ ನಗರಕ್ಕೆ ಪ್ಲೇಗ್ ಬಂದಾಗ ಊರು ಬಿಡದೆ ನಿಂತ ಆತ, ದೇವರ ಕಾಪಾಡುವಿಕೆಗಾಗಿ ಬೇಡುವೆನು, ಅನಂತರ ಮನೆಗೆ ಹೊಗೆ ಹಾಕಿಸುವೆನು, ಔಷಧಿ ಕೊಡುವೆನು, ತೆಗೆದುಕೊಳ್ಳುವೆನು, ನನ್ನ ಅಗತ್ಯವಿಲ್ಲದ ಕಡೆಗೆ ಹೋಗಿ ಸೋಂಕು ಹರಡುವವನಾಗಲಾರೆನು ಎಂಬ ಅರ್ಥದಲ್ಲಿ ಬರೆದನು. ನಮ್ಮ ಜಿಲ್ಲೆಗಳಲ್ಲಿ ನೀರಿನ ಅಭಾವದಿಂದ ಡ್ರಮ್ಮು, ತೊಟ್ಟಿಗಳಲ್ಲಿ ದಿನಗಟ್ಟಲೆ ನೀರು ಹಿಡಿದಿಡುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ನೀರಿನಲ್ಲೇ. ಲಾರ್ವಾ ಸಮೀಕ್ಷೆಗೆಂದು ಬಿಸಿಲಿನಲ್ಲಿ ಬಂದ ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ಸಾಗಹಾಕಿ, ಭಾನುವಾರ ಅವಳಿಗಾಗಿ ಮೊಣಕಾಲೂರಿದರೆ ಆ ಪ್ರಾರ್ಥನೆಗೆ ಅರ್ಥವೇನು? ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆದು, ಮುಚ್ಚಿಡುವ ಮನಸ್ಸನ್ನು ನಮಗೆ ಕೊಡು ಎಂಬ ಸಾಲನ್ನೂ ಸೇರಿಸಿ. ಇದು ಪ್ರಾರ್ಥನೆಗೆ ತಕ್ಕ ಮಾತಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಅಂಜಬೇಡಿ.

ಉತ್ತರ: ಚಿಕ್ಕಬಳ್ಳಾಪುರದ ಒಬ್ಬ ನರ್ಸ್

ಅಯ್ಯನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಅಣ್ಣನವರೇ, ಒಂದು ಕೋರಿಕೆ: ನಮ್ಮನ್ನು ಯೋಧರೆಂದೂ ದೇವತೆಗಳೆಂದೂ ಕರೆಯಬೇಡಿ. ಹಾಗೆ ಕರೆಸಿಕೊಂಡವಳಿಗೆ ‘ನನಗೆ ಸುಸ್ತಾಗಿದೆ’ ಎಂದು ಹೇಳುವ ಬಾಯಿಯೇ ಇಲ್ಲದಂತಾಗುತ್ತದೆ.

ಡೆಂಗಿ ವಾರ್ಡಿನಲ್ಲಿ ಕೆಲಸ ಹೇಗಿರುತ್ತದೆಂದು ಸಭೆಗೆ ತಿಳಿಸಿ. ಜ್ವರ ಇಳಿದಾಗ ಮನೆಯವರು ನಿಟ್ಟುಸಿರು ಬಿಟ್ಟು, ಇನ್ನು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ. ನಿಜವಾದ ಅಪಾಯದ ಹೊತ್ತು ಶುರುವಾಗುವುದು ಸಾಮಾನ್ಯವಾಗಿ ಆಗಲೇ. ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ತಣ್ಣಗಾಗುವ ಕೈಕಾಲು, ಕಡಿಮೆಯಾಗುವ ಮೂತ್ರ, ಇವನ್ನೆಲ್ಲ ನೋಡುತ್ತಾ ರಾತ್ರಿಯಿಡೀ ಬಿ.ಪಿ., ಪಲ್ಸ್ ಬರೆಯಬೇಕು. ಡ್ರಿಪ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಪುಟ್ಟ ಮಗುವಿನ ಮುಂಗೈಯಲ್ಲಿ ನರ ಸಿಗದೆ ಎರಡನೆಯ ಸಲ ಸೂಜಿ ಹಿಡಿದಾಗ, ಎದುರಿಗೆ ನಿಂತ ತಂದೆ ‘ನಿಮಗೆ ಬರುತ್ತದೋ ಇಲ್ಲವೋ’ ಎಂದು ಗದರಿಸಿದರೆ ಕೈ ನಡುಗುತ್ತದೆ. ಆ ಹೊತ್ತಿಗೆ ಕೈ ಸ್ಥಿರವಾಗಿರಲೆಂದು ಪ್ರಾರ್ಥಿಸಿ. ಬರೆಯುವ ಅಂಕಿ ತಪ್ಪದಿರಲೆಂದು ಪ್ರಾರ್ಥಿಸಿ. ಗದರಿಸಿದ ತಂದೆಗಾಗಿಯೂ ಪ್ರಾರ್ಥಿಸಿ. ಅವನಿಗೆ ಭಯ, ಅಷ್ಟೆ.

ನನಗೆ ಹತ್ತಿರವಾದ ವೇದಭಾಗ ಮೊದಲನೆಯ ಅರಸುಗಳ ಗ್ರಂಥದ 19ನೆಯ ಅಧ್ಯಾಯ. ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಎಂದು ಮಲಗಿಬಿಟ್ಟ ಪ್ರವಾದಿ ಎಲೀಯನನ್ನು ದೇವದೂತನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಪುನಃ ಮಲಗಲು ಬಿಟ್ಟನು. ನೈಟ್ ಡ್ಯೂಟಿ ಮುಗಿಸಿ ಬಂದವಳ ಮನೆಗೆ ಯಾರಾದರೂ ಒಂದು ಹೊತ್ತಿನ ಮುದ್ದೆ, ಸಾರು ಕಳುಹಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟುಬಂದರೆ ಅದೂ ಈ ಪ್ರಾರ್ಥನೆಯ ಭಾಗವೇ ಎಂದು ನಾನು ನಂಬುತ್ತೇನೆ.

ಉತ್ತರ: ಕೆ.ಜಿ.ಎಫ್.ನಿಂದ, ಕಥೋಲಿಕ ಧರ್ಮಕೇಂದ್ರದವರು

ನಮ್ಮ ಬೈಬಲ್ಲಿನಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಒಮ್ಮೆ ನೋಡಿ. ವೈದ್ಯನನ್ನು ಗೌರವಿಸು, ಅವನನ್ನೂ ಸೃಷ್ಟಿಸಿದವನು ದೇವರೇ ಎನ್ನುವ ಆ ಭಾಗ, ರೋಗವನ್ನು ಸರಿಯಾಗಿ ಗುರುತಿಸುವ ಶಕ್ತಿಗಾಗಿ ವೈದ್ಯರೂ ದೇವರನ್ನು ಬೇಡುತ್ತಾರೆಂದು ಹೇಳುತ್ತದೆ. ನಮ್ಮ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಒಂದೊಂದೇ ಕೋರಿಕೆಯಾಗಿ ಓದುತ್ತಾರೆ. ಪ್ರತಿಯೊಂದಕ್ಕೂ ಸಭೆಯವರೆಲ್ಲ ದನಿಗೂಡಿಸುತ್ತಾರೆ. ಒಬ್ಬರೇ ದೀರ್ಘವಾಗಿ ಪ್ರಾರ್ಥಿಸುವುದಕ್ಕಿಂತ ಈ ಕ್ರಮ ನಿಮಗೆ ಅನುಕೂಲವಾದೀತು. ಕ್ರೈಸ್ತರಲ್ಲದ ವೈದ್ಯರನ್ನೂ ಸಿಬ್ಬಂದಿಯನ್ನೂ ಬಿಡಬೇಡಿ. ಯೇಸು ಹೇಳಿದ ಕಥೆಯಲ್ಲಿ ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ ಸಮಾರ್ಯದವನು ಅವನ ಮತದವನಾಗಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇಷ್ಟನ್ನು ಬರೆದುಕೊಂಡಿದ್ದೇನೆ, ತಿದ್ದಿಕೊಡಿ:

“ಕರ್ತನೇ, ಈ ರಾತ್ರಿ ವಾರ್ಡುಗಳಲ್ಲಿ ಎಚ್ಚರವಿರುವವರ ಕೈಗಳನ್ನು ಸ್ಥಿರಪಡಿಸು. ರಕ್ತ ಪರೀಕ್ಷಿಸುವವರ ಕಣ್ಣಿಗೆ ಸ್ಪಷ್ಟತೆಯನ್ನೂ ಆಂಬುಲೆನ್ಸ್ ಓಡಿಸುವವರಿಗೆ ಸುರಕ್ಷಿತ ದಾರಿಯನ್ನೂ ಕೊಡು. ಬಳಲಿದವರಿಗೆ ಎಲೀಯನಿಗೆ ಕೊಟ್ಟಂತೆ ಆಹಾರವನ್ನೂ ನಿದ್ರೆಯನ್ನೂ ಕೊಡು. ಕಾಯಿಲೆ ಬಿದ್ದವರ ಸಂಗಡ ಇರು. ಸೇವೆಯಲ್ಲೇ ತೀರಿಕೊಂಡವರ ಮನೆಯವರನ್ನು ಸಂತೈಸು. ನಮ್ಮ ಮನೆಯ ತೊಟ್ಟಿಗಳಿಂದ ಅವರ ಹೊರೆ ಹೆಚ್ಚದಂತೆ ನಮ್ಮನ್ನು ಎಚ್ಚರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.”

ಉತ್ತರ: ಚಿಕ್ಕಬಳ್ಳಾಪುರದ ಒಬ್ಬ ನರ್ಸ್

ಅಣ್ಣನವರೇ, ಚೆನ್ನಾಗಿದೆ. ವಾರ್ಡು ಗುಡಿಸಿ ತೊಳೆಯುವವರನ್ನೂ ಆಸ್ಪತ್ರೆಯ ಬಟ್ಟೆ ಒಗೆಯುವವರನ್ನೂ ಸೇರಿಸಿ. ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಭಾನುವಾರ ಬೆಳಿಗ್ಗೆ ಡ್ಯೂಟಿಯಲ್ಲಿರುವವರು ಆರಾಧನೆಗೆ ಬರಲಾರರು, ಆದ್ದರಿಂದ ಇದನ್ನೇ ಬುಧವಾರ ಸಂಜೆಯ ಮನೆಕೂಟದಲ್ಲಿಯೂ ಒಮ್ಮೆ ನಡೆಸಿ.